ಪುನರುತ್ಥಾನ: ನಂಬಿಕೆಯಷ್ಟೇ ಮುಖ್ಯ ಗ್ರಂಥದ ಅಧ್ಯಯನ

ಶುಭ ಶುಕ್ರವಾರದಂದು ಶಿಲುಬೆಯ ಮೇಲೆ ಪ್ರಾಣಬಿಟ್ಟ ಯೇಸು ಕ್ರಿಸ್ತರು ಮೂರನೆಯ ದಿನ ಸಮಾಧಿಯಿಂದ ಎದ್ದರೆಂಬುದು ಕ್ರೈಸ್ತ ಧರ್ಮದ ತಳಹದಿ. ಈಸ್ಟರ್ ಹಬ್ಬ ಅದರ ಸ್ಮರಣೆ. ಕಡೆಯ ದಿನದಲ್ಲಿ ಸತ್ತವರೆಲ್ಲರೂ ಎದ್ದುಬರುವರೆಂಬ ನಿರೀಕ್ಷೆಯೂ ಇದರೊಡನೆ ಹೆಣೆದುಕೊಂಡಿದೆ.

ಪುನರುತ್ಥಾನವೆಂದರೆ ಪುನರ್ಜನ್ಮವಲ್ಲ. ದೇಹ ಅಳಿದು ಆತ್ಮವೊಂದೇ ಉಳಿಯುತ್ತದೆಂಬ ಪ್ರಾಚೀನ ಗ್ರೀಕ್ ಚಿಂತನೆಯೂ ಇದಲ್ಲ. ಯೋಹಾನನ ಸುವಾರ್ತೆಯಲ್ಲಿ ಯೇಸು ಎಬ್ಬಿಸಿದ ಲಾಜರ ಮರಳಿದ್ದು ಸಾವುಳ್ಳ ಬದುಕಿಗೇ. ಪುನರುತ್ಥಾನವಾದರೋ ರೂಪಾಂತರಗೊಂಡ, ಅಳಿವಿಲ್ಲದ ದೇಹದೊಡನೆ ಎದ್ದುಬರುವುದು.

ಪೌಲರ ಪತ್ರ: ಈ ಕುರಿತ ಅತ್ಯಂತ ಹಳೆಯ ವಿಸ್ತೃತ ಬರಹ ಸಂತ ಪೌಲರು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯ. ಶಿಲುಬೆಯ ಘಟನೆಯಾಗಿ ಸುಮಾರು ಎರಡು ದಶಕಗಳ ಬಳಿಕ, ಸುವಾರ್ತೆಗಳಿಗಿಂತ ಮೊದಲೇ ಬರೆದದ್ದೆಂದು ವಿದ್ವಾಂಸರು ಭಾವಿಸುತ್ತಾರೆ. ಕ್ರಿಸ್ತರು ಎದ್ದುಬರದಿದ್ದರೆ ತಮ್ಮ ಬೋಧನೆಯೂ ಕೇಳುಗರ ವಿಶ್ವಾಸವೂ ವ್ಯರ್ಥವೆಂದು ಪೌಲರು ಅಲ್ಲಿ ನೇರವಾಗಿ ವಾದಿಸುತ್ತಾರೆ.

ನಾಲ್ಕು ವೃತ್ತಾಂತಗಳು: ಸಮಾಧಿಯ ಬಳಿ ಕಂಡವರು ಯಾರು? ಮತ್ತಾಯನಲ್ಲಿ ಒಬ್ಬ ದೇವದೂತ, ಲೂಕನಲ್ಲಿ ಹೊಳೆಯುವ ಉಡುಪಿನ ಇಬ್ಬರು. ಮಾರ್ಕನಲ್ಲಿ ಮೂವರು ಸ್ತ್ರೀಯರು ಸಮಾಧಿಗೆ ಹೋದರೆ, ಯೋಹಾನನಲ್ಲಿ ಮಗ್ದಲದ ಮರಿಯಳ ಹೆಸರೊಂದೇ ಇದೆ. ಬರಿದಾದ ಸಮಾಧಿಯನ್ನು ಕಂಡವರಲ್ಲಿ ಸ್ತ್ರೀಯರೇ ಮೊದಲಿಗರೆಂಬುದರಲ್ಲಿ ಮಾತ್ರ ನಾಲ್ವರದೂ ಒಮ್ಮತ. ವ್ಯತ್ಯಾಸಗಳನ್ನು ಮುಚ್ಚಿಡದೆ ಪ್ರತಿಯೊಂದು ಸುವಾರ್ತೆಯ ಉದ್ದೇಶವನ್ನು ಅರಿತು ಓದುವುದೇ ಅಧ್ಯಯನದ ಮೊದಲ ಪಾಠ.

ಮಾರ್ಕನ ಕೊನೆಯ ವಚನಗಳು: ನಾಲ್ಕನೇ ಶತಮಾನದ ಸಿನಾಯ್ ಹಾಗೂ ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಮಾರ್ಕನ ಸುವಾರ್ತೆ 16ನೇ ಅಧ್ಯಾಯದ 8ನೇ ವಚನಕ್ಕೇ ನಿಲ್ಲುತ್ತದೆ. 9ರಿಂದ 20ರವರೆಗಿನ ವಚನಗಳು ಅನಂತರ ಸೇರಿದವೆಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಆಧುನಿಕ ಆವೃತ್ತಿಗಳು ಅಡಿಟಿಪ್ಪಣಿ ಅಥವಾ ಆವರಣಚಿಹ್ನೆಯ ಮೂಲಕ ಇದನ್ನು ಸೂಚಿಸುತ್ತವೆ. ಜಾನ್ ಹ್ಯಾಂಡ್ಸ್ ಅವರ ನೇತೃತ್ವದಲ್ಲಿ ಬಳ್ಳಾರಿಯಲ್ಲಿ ಸಿದ್ಧವಾದ ಸಂಪೂರ್ಣ ಕನ್ನಡ ಬೈಬಲ್ 1831ರಲ್ಲಿ ಮುಗಿದಾಗ ಸಿನಾಯ್ ಹಸ್ತಪ್ರತಿ ಇನ್ನೂ ವಿದ್ವತ್ಪ್ರಪಂಚದ ಗಮನಕ್ಕೆ ಬಂದಿರಲಿಲ್ಲ.

ಇದು ಪಂಡಿತರ ಚರ್ಚೆಯಷ್ಟೇ ಅಲ್ಲ. ವಿಶ್ವಾಸಿಗಳು ಹಾವುಗಳನ್ನು ಹಿಡಿಯುವರೆಂಬ ಮಾತು ಇರುವುದು ಇದೇ ಭಾಗದಲ್ಲಿ. ಅದನ್ನು ಆಜ್ಞೆಯೆಂದು ತಿಳಿದ ಅಮೆರಿಕದ ಅಪಲೇಶಿಯನ್ ಪ್ರದೇಶದ ಕೆಲವು ಸಭೆಗಳಲ್ಲಿ ಆರಾಧನೆಯ ವೇಳೆ ವಿಷದ ಹಾವು ಹಿಡಿಯುವ ಪದ್ಧತಿ ಬೆಳೆಯಿತು. ಅದನ್ನು ಹರಡಿದವರಲ್ಲಿ ಪ್ರಮುಖರಾದ ಜಾರ್ಜ್ ವೆಂಟ್ ಹೆನ್ಸ್‌ಲಿ 1955ರಲ್ಲಿ ಹಾವು ಕಚ್ಚಿಯೇ ಮೃತಪಟ್ಟರು. ಅವರ ಬಳಿಕವೂ ಇಂತಹ ಸಾವುಗಳು ಸಂಭವಿಸಿವೆ.

ಹಳೆಯ ಎಚ್ಚರಿಕೆ: ತಪ್ಪು ಓದಿನ ಸಮಸ್ಯೆ ಹೊಸದೇನಲ್ಲ. ಪುನರುತ್ಥಾನವನ್ನು ಅಲ್ಲಗಳೆದ ಸದ್ದುಕಾಯರಿಗೆ ಯೇಸು, ಅವರ ತಪ್ಪಿನ ಮೂಲ ಶಾಸ್ತ್ರದ ಅಜ್ಞಾನವೇ ಎಂದು ಉತ್ತರಿಸಿದ್ದಾಗಿ ಮತ್ತಾಯ ಬರೆಯುತ್ತಾನೆ. ಪುನರುತ್ಥಾನ ಈಗಾಗಲೇ ಆಗಿಹೋಗಿದೆಯೆಂದು ಬೋಧಿಸಿದ ಹುಮೆನಾಯ, ಫಿಲೇತರು ಕೆಲವರ ವಿಶ್ವಾಸವನ್ನು ಕೆಡಿಸಿದರೆಂದು ತಿಮೊಥೆಗೆ ಬರೆದ ಎರಡನೇ ಪತ್ರ ದೂರುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಬೆರೋಯದ ಜನರು ಪೌಲರ ಮಾತನ್ನು ಉತ್ಸಾಹದಿಂದ ಕೇಳಿದರೂ ಅದು ನಿಜವೇ ಎಂದು ದಿನವೂ ಶಾಸ್ತ್ರಗಳನ್ನು ಪರಿಶೀಲಿಸಿದರೆಂದು ಅಪೊಸ್ತಲರ ಕೃತ್ಯಗಳು ಗ್ರಂಥದ 17ನೇ ಅಧ್ಯಾಯ ಮೆಚ್ಚಿಕೊಂಡಿದೆ. ಬೋಧಕನು ಪೌಲನಂತಹವನೇ ಆದರೂ ಪರಿಶೀಲಿಸದೆ ಒಪ್ಪಬೇಕಿಲ್ಲ ಎಂಬುದು ಆ ಮೆಚ್ಚುಗೆಯ ತಾತ್ಪರ್ಯ.