ದೊಡ್ಡವರ ಕಪಾಟಿನಲ್ಲೂ ಲೆಗೊ: ಆಟಿಕೆ ಸೆಟ್ ಸಂಗ್ರಹ ಹವ್ಯಾಸವೋ, ಹೂಡಿಕೆಯೋ? ಹಣ ಹಾಕುವ ಮುನ್ನ ಇದನ್ನು ಓದಿ

ಪುಣೆ: ಆಟಿಕೆ ಇರುವುದು ಮಕ್ಕಳಿಗೆ ಎಂಬ ಮಾತು ಈಗ ಅರ್ಧ ಮಾತ್ರ ನಿಜ. ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಒಂದಕ್ಕೊಂದು ಜೋಡಿಸಿ ಮನೆ, ಹಡಗು, ಕಾರು ಕಟ್ಟುವ ಲೆಗೊ ಸೆಟ್‌ಗಳನ್ನು ಕೊಳ್ಳುವವರಲ್ಲಿ ಸಂಬಳ ತರುವ ದೊಡ್ಡವರೂ ಇದ್ದಾರೆ. ಕೆಲವರು ಡಬ್ಬಿ ತೆರೆದು ಕಟ್ಟಿ ಖುಷಿಪಡುತ್ತಾರೆ. ಇನ್ನು ಕೆಲವರು ಸೀಲ್ ಒಡೆಯದೆ ಕಪಾಟಿನಲ್ಲಿಟ್ಟು, ನಾಲ್ಕೈದು ವರ್ಷ ಬಿಟ್ಟು ಒಳ್ಳೆಯ ಬೆಲೆಗೆ ಮಾರೋಣ ಎಂದು ಕಾಯುತ್ತಾರೆ. ಚಿನ್ನಕ್ಕಿಂತ ಲೆಗೊ ಮೇಲು ಎಂಬ ಅರ್ಥದ ತಲೆಬರಹಗಳೂ ಆಗಾಗ ಕಣ್ಣಿಗೆ ಬೀಳುತ್ತವೆ.

ಈ ಮಾತನ್ನು ಎಷ್ಟು ನಂಬಬಹುದು? ಭಾರತದಲ್ಲಿ ಕೊಂಡು, ಭಾರತದಲ್ಲೇ ಇಟ್ಟುಕೊಂಡು ಮಾರುವವರಿಗೆ ಲಾಭ ಸಿಗುತ್ತದೆಯೇ? ಇಲ್ಲಿದೆ ಪೂರ್ಣ ಮಾಹಿತಿ.

ಲೆಗೊ ಹುಟ್ಟಿದ್ದು ಹೇಗೆ?

ಡೆನ್ಮಾರ್ಕ್‌ನ ಬಿಲುಂಡ್ ಎಂಬ ಊರಿನಲ್ಲಿ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ 1932ರಲ್ಲಿ ಮರದ ಆಟಿಕೆಗಳನ್ನು ಮಾಡಲು ಶುರು ಮಾಡಿದರು. 1934ರಲ್ಲಿ ಕಂಪನಿಗೆ ಲೆಗೊ ಎಂಬ ಹೆಸರು ಬಂತು. 'ಚೆನ್ನಾಗಿ ಆಡು' ಎಂಬ ಅರ್ಥದ ಎರಡು ಡ್ಯಾನಿಶ್ ಪದಗಳಿಂದ ಈ ಹೆಸರು ಹುಟ್ಟಿತು.

ಇಂದು ನಾವು ನೋಡುವ ಇಟ್ಟಿಗೆಯ ವಿನ್ಯಾಸಕ್ಕೆ ಪೇಟೆಂಟ್ ಅರ್ಜಿ ಸಲ್ಲಿಕೆಯಾದದ್ದು 1958ರ ಜನವರಿ 28ರಂದು. ಮೇಲೆ ಉಬ್ಬುಗಳು, ಒಳಗೆ ಕೊಳವೆಗಳು. ಅಂದು ಮಾಡಿದ ಇಟ್ಟಿಗೆ ಇಂದಿನ ಇಟ್ಟಿಗೆಗೂ ಸರಿಯಾಗಿ ಕೂರುತ್ತದೆ. ಎಂಟು ಉಬ್ಬುಗಳಿರುವ, ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ರೀತಿಯಲ್ಲಿ ಜೋಡಿಸಬಹುದು ಎಂಬುದು ಗಣಿತಜ್ಞರ ಲೆಕ್ಕ. ಹಳೆಯ ಸೆಟ್‌ಗಳಿಗೆ ಬೇಡಿಕೆ ಉಳಿಯಲು ಈ ಹೊಂದಾಣಿಕೆಯೂ ಒಂದು ಕಾರಣ. ಡಬ್ಬಿ ಹರಿದಿದ್ದರೂ ಒಳಗಿನ ಬಿಡಿ ತುಂಡುಗಳಿಗೆ ಗಿರಾಕಿ ಸಿಗುತ್ತಾರೆ.

ಕಟ್ಟುವ ಆಟಿಕೆಗಳಲ್ಲಿ ಲೆಗೊ ಮೊದಲನೆಯದೇನಲ್ಲ. ಇಂಗ್ಲೆಂಡಿನ ಲಿವರ್‌ಪೂಲ್‌ನ ಫ್ರಾಂಕ್ ಹಾರ್ನ್‌ಬಿ 1901ರಲ್ಲೇ ಲೋಹದ ಪಟ್ಟಿ, ನಟ್ಟು, ಬೋಲ್ಟುಗಳ ಸೆಟ್‌ಗೆ ಪೇಟೆಂಟ್ ಪಡೆದಿದ್ದರು. ಅದೇ ಮುಂದೆ ಮೆಕ್ಯಾನೊ ಎಂದು ಹೆಸರಾಯಿತು. ನಮ್ಮಲ್ಲಿ ಮೆಕ್ಯಾನಿಕ್ಸ್ ಎಂಬ ಹೆಸರಿನಲ್ಲಿ ಬಂದ ಲೋಹದ ಸೆಟ್‌ಗಳನ್ನು ಬಿಚ್ಚಿ ಜೋಡಿಸಿ ಬೆಳೆದ ಒಂದು ಪೀಳಿಗೆಯೇ ಇದೆ.

ದೊಡ್ಡವರಿಗೆಂದೇ ಸೆಟ್‌ಗಳು

ದೊಡ್ಡವರು ಕದ್ದುಮುಚ್ಚಿ ಕೊಳ್ಳುವ ಕಾಲ ಮುಗಿದು ವರ್ಷಗಳಾದವು. 2020ರಿಂದ ಕಂಪನಿ 18 ವರ್ಷ ಮೇಲ್ಪಟ್ಟವರಿಗೆ ಎಂಬ ಗುರುತಿನೊಂದಿಗೆ ಕಪ್ಪು ಡಬ್ಬಿಗಳಲ್ಲಿ ಸೆಟ್ ಹೊರತರುತ್ತಿದೆ. 2021ರಲ್ಲಿ ಬಂದ ಟೈಟಾನಿಕ್ ಹಡಗಿನಲ್ಲಿ 9,090 ತುಂಡುಗಳಿವೆ. 2022ರ ಐಫೆಲ್ ಗೋಪುರದಲ್ಲಿ 10,001. ಭಾರತದಲ್ಲಿ ಲೆಗೊ ಹೆಸರಿನದೇ ಮೊದಲ ಅಧಿಕೃತ ಮಳಿಗೆ 2025ರಲ್ಲಿ ಗುರುಗ್ರಾಮದಲ್ಲಿ ತೆರೆಯಿತು. ಅದಕ್ಕೂ ಮೊದಲೇ ಪುಣೆ, ಬೆಂಗಳೂರಿನಂಥ ನಗರಗಳ ಆಟಿಕೆ ಮಳಿಗೆಗಳಲ್ಲಿ ಮತ್ತು ಆನ್‌ಲೈನ್‌ನಲ್ಲಿ ಸೆಟ್‌ಗಳು ಸಿಗುತ್ತಿದ್ದವು.

ಬಾಲ್ಯದಲ್ಲಿ ಕೊಳ್ಳಲಾಗದ್ದನ್ನು ಸಂಬಳ ಬಂದ ಮೇಲೆ ಕೊಳ್ಳುವುದು ಒಂದು ಕಾರಣ. ದಿನವಿಡೀ ಪರದೆ ನೋಡಿದವರಿಗೆ ರಾತ್ರಿ ಒಂದು ಗಂಟೆ ಕೈಯಿಂದ ಏನನ್ನಾದರೂ ಕಟ್ಟುವ ಸಮಾಧಾನ ಇನ್ನೊಂದು. ಇವೆರಡರ ಹಿಂದೆಯೇ 'ಇದಕ್ಕೆ ಮುಂದೆ ಬೆಲೆ ಬರುತ್ತದೆ' ಎಂಬ ಮೂರನೆಯ ಕಾರಣ ಬಂದು ಸೇರುತ್ತದೆ. ಹಣದ ಪ್ರಶ್ನೆ ಏಳುವುದು ಇಲ್ಲಿಂದ.

ಸ್ವಾರಗೇಟ ಸುತ್ತ ಸಂಗ್ರಹದ ನಂಟು

ಬೆಳಗಾವಿ, ಹುಬ್ಬಳ್ಳಿ, ವಿಜಯಪುರದಿಂದ ಬಸ್ಸಿನಲ್ಲಿ ಪುಣೆಗೆ ಬರುವ ಕನ್ನಡಿಗರಿಗೆ ಸ್ವಾರಗೇಟ ಪರಿಚಿತ ಜಾಗ. 2024ರ ಸೆಪ್ಟೆಂಬರ್‌ನಿಂದ ಇಲ್ಲಿಗೆ ಸುರಂಗ ಮೆಟ್ರೊ ಕೂಡ ಬಂದಿದೆ. ಸ್ವಾರಗೇಟದಿಂದ ಒಂದೇ ನಿಲ್ದಾಣ ದಾಟಿದರೆ ಮಂಡಈ. ಅದರ ಪಕ್ಕದಲ್ಲೇ ತುಳಶಿಬಾಗ್ ಮಾರುಕಟ್ಟೆ. ಹಿತ್ತಾಳೆಯ ಪುಟ್ಟ ಒಲೆ, ಬೀಸುವ ಕಲ್ಲು, ಕೊಡಗಳ ಆಟದ ಅಡುಗೆಮನೆಗೆ, ಅಂದರೆ ಮರಾಠಿಗರ 'ಭಾತುಕಲಿ'ಗೆ, ಈ ಮಾರುಕಟ್ಟೆ ಹೆಸರುವಾಸಿ. ಇದನ್ನು ಆಸೆಯಿಂದ ಕೂಡಿಡುವ ದೊಡ್ಡವರು ಪುಣೆಯಲ್ಲಿ ಹಿಂದಿನಿಂದಲೂ ಇದ್ದಾರೆ.

ಅಲ್ಲಿಂದ ದೂರವಿಲ್ಲದ ಶುಕ್ರವಾರ ಪೇಟೆಯಲ್ಲಿ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯವಿದೆ. ದಿನಕರ ಕೇಳ್ಕರ್ 1920ರ ಸುಮಾರಿಗೆ ದೀಪ, ಪಾತ್ರೆ, ಅಡಕತ್ತರಿ, ವಾದ್ಯಗಳಂಥ ನಿತ್ಯ ಬಳಕೆಯ ವಸ್ತುಗಳನ್ನು ಕೂಡಿಡಲು ಆರಂಭಿಸಿದರು. ಎಳೆವಯಸ್ಸಿನಲ್ಲೇ ತೀರಿಕೊಂಡ ಮಗ ರಾಜಾನ ಹೆಸರನ್ನು ಸಂಗ್ರಹಾಲಯಕ್ಕೆ ಇಟ್ಟರು. 1960ರ ಹೊತ್ತಿಗೆ ಸಂಗ್ರಹ ಸುಮಾರು 15,000 ವಸ್ತುಗಳಿಗೆ ಬೆಳೆದಿತ್ತು. ಮುಂದೆ ಅದನ್ನು ಅವರು ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ಕೋಥ್ರೂಡ್‌ನಲ್ಲಿ ಭಾವು ಜೋಶಿ ಎಂಬ ಹವ್ಯಾಸಿ ಕಟ್ಟಿದ ಪುಟಾಣಿ ರೈಲುಗಳ ಲೋಕ 1998ರಲ್ಲಿ ಸಾರ್ವಜನಿಕರಿಗೆ ತೆರೆಯಿತು.

ನಮ್ಮ ಕಡೆ ದಸರಾ ಬೊಂಬೆಗಳದ್ದೂ ಇದೇ ಕತೆ. ಅಜ್ಜಿಯ ಪಟ್ಟದ ಬೊಂಬೆಗಳ ಜೊತೆಗೆ ವರ್ಷಕ್ಕೊಂದೆರಡು ಹೊಸ ಬೊಂಬೆ ಸೇರುತ್ತವೆ. ಮಾರಿದರೆ ಎಷ್ಟು ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಲೆಗೊ ವಿಷಯದಲ್ಲಿ ಆ ಪ್ರಶ್ನೆ ಮೊದಲ ದಿನವೇ ಏಳುತ್ತದೆ.

ಬೆಲೆ ಏರುವುದು ಯಾವಾಗ?

ಒಂದು ಸೆಟ್ ಅಂಗಡಿಯಲ್ಲಿ ಸಿಗುತ್ತಿರುವವರೆಗೂ ಅದಕ್ಕೆ ಹೆಚ್ಚುವರಿ ಬೆಲೆ ಕೊಡುವವರಿಲ್ಲ. ಕಂಪನಿ ಅದರ ಉತ್ಪಾದನೆ ನಿಲ್ಲಿಸಿದ ಮೇಲೆ, ಸಂಗ್ರಾಹಕರ ಭಾಷೆಯಲ್ಲಿ ಸೆಟ್ 'ರಿಟೈರ್' ಆದ ಮೇಲೆ, ಮರುಮಾರಾಟದ ಆಟ ಶುರುವಾಗುತ್ತದೆ. ಸೀಲ್ ಒಡೆಯದ ಡಬ್ಬಿಗಳು ದಿನ ಕಳೆದಂತೆ ಕಡಿಮೆಯಾಗುತ್ತವೆ. ಯಾರೋ ಒಬ್ಬರು ಡಬ್ಬಿ ತೆರೆದರೆ ಉಳಿದವುಗಳ ಸಂಖ್ಯೆ ಒಂದು ಇಳಿಯುತ್ತದೆ.

ಬಿಡಿ ತುಂಡುಗಳು ಮತ್ತು ಹಳೆಯ ಸೆಟ್‌ಗಳ ಅತಿ ದೊಡ್ಡ ಅಂತರರಾಷ್ಟ್ರೀಯ ಮಾರುಕಟ್ಟೆ ಬ್ರಿಕ್‌ಲಿಂಕ್. ಅಭಿಮಾನಿಯೊಬ್ಬರು 2000ರಲ್ಲಿ ಆರಂಭಿಸಿದ ಇದನ್ನು 2019ರಲ್ಲಿ ಲೆಗೊ ಕಂಪನಿಯೇ ಕೊಂಡುಕೊಂಡಿತು.

ಅಪರೂಪ ಎಂಬುದನ್ನು ಕಂಪನಿ ಬೇಕೆಂದೇ ಸೃಷ್ಟಿಸುವುದೂ ಉಂಟು. 2013ರಲ್ಲಿ 'ಮಿಸ್ಟರ್ ಗೋಲ್ಡ್' ಎಂಬ ಚಿನ್ನದ ಬಣ್ಣದ ಪುಟ್ಟ ಗೊಂಬೆಯನ್ನು ಜಗತ್ತಿಗೆಲ್ಲ ಸೇರಿ 5,000 ಮಾತ್ರ ಬಿಟ್ಟಿತ್ತು. ಯಾವ ಪೊಟ್ಟಣದಲ್ಲಿದೆ ಎಂದು ಹೊರಗಿನಿಂದ ತಿಳಿಯುತ್ತಿರಲಿಲ್ಲ.

ಸಂಶೋಧನೆ ಹೇಳಿದ್ದೇನು?

ಚಿನ್ನಕ್ಕೆ ಹೋಲಿಸುವ ಸುದ್ದಿಗಳಲ್ಲಿ ಹೆಚ್ಚಿನವು ಮಾಸ್ಕೋದ ಹೈಯರ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ವಿಕ್ಟೋರಿಯಾ ಡೊಬ್ರಿನ್ಸ್ಕಾಯಾ ಮತ್ತು ಜೂಲಿಯಾ ಕಿಶಿಲೋವಾ ಅವರ ಅಧ್ಯಯನವನ್ನು ಆಧರಿಸಿವೆ. 1987ರಿಂದ 2015ರವರೆಗಿನ 2,322 ಸೆಟ್‌ಗಳ ಬೆಲೆಯನ್ನು ಅವರು ಪರಿಶೀಲಿಸಿದರು. ಸರಾಸರಿ ವಾರ್ಷಿಕ ಲಾಭ ಕನಿಷ್ಠ ಶೇ 11, ಹಣದುಬ್ಬರ ಕಳೆದರೆ ಶೇ 8. ಆ ಅವಧಿಯಲ್ಲಿ ದೊಡ್ಡ ಕಂಪನಿಗಳ ಷೇರು, ಬಾಂಡ್ ಮತ್ತು ಚಿನ್ನಕ್ಕಿಂತ ಇದು ಹೆಚ್ಚು.

ಇದೇ ಅಧ್ಯಯನದ ಇನ್ನೆರಡು ಸಂಗತಿಗಳು ತಲೆಬರಹಕ್ಕೆ ಬರುವುದು ಕಡಿಮೆ. ಒಂದು, ಉತ್ಪಾದನೆ ನಿಂತು ಎರಡು-ಮೂರು ವರ್ಷ ಕಳೆದ ಮೇಲಷ್ಟೇ ಬೆಲೆ ಏರಲು ಶುರುವಾಗುತ್ತದೆ. ಎರಡು, ಸೆಟ್‌ನಿಂದ ಸೆಟ್‌ಗೆ ಅಜಗಜಾಂತರ. ವರ್ಷಕ್ಕೆ ಶೇ 600 ಏರಿದವೂ ಇವೆ, ಶೇ 50 ಕುಸಿದವೂ ಇವೆ. ತೀರಾ ಚಿಕ್ಕ ಮತ್ತು ತೀರಾ ದೊಡ್ಡ ಸೆಟ್‌ಗಳು, ಹಬ್ಬದ ಸೆಟ್‌ಗಳು, ಕಟ್ಟಡ ಹಾಗೂ ಸಿನಿಮಾ ಆಧಾರಿತ ಸೆಟ್‌ಗಳು ಉಳಿದವಕ್ಕಿಂತ ಚೆನ್ನಾಗಿ ಏರಿದ್ದವು.

ಸಾವಿರಾರು ಸೆಟ್‌ಗಳ ಸರಾಸರಿ ಶೇ 11. ನಿಮ್ಮ ಕಪಾಟಿನಲ್ಲಿರುವುದು ಮೂರೋ ನಾಲ್ಕೋ ಸೆಟ್. ಅವು ಸರಾಸರಿಯಂತೆಯೇ ನಡೆದುಕೊಳ್ಳುತ್ತವೆ ಎಂದು ಹೇಳಲಾಗದು. ಅಲ್ಲದೆ ಲೆಕ್ಕದ ಬಹುಪಾಲು ವರ್ಷಗಳಲ್ಲಿ ಡಬ್ಬಿ ಬಚ್ಚಿಡುವವರು ಕಡಿಮೆ ಇದ್ದರು. ಈಗ ಎಲ್ಲರೂ ಎರಡೆರಡು ಡಬ್ಬಿ ಎತ್ತಿಟ್ಟರೆ ಮುಂದೆ ಅದು ಅಪರೂಪದ ವಸ್ತುವಾಗಿ ಉಳಿಯುವುದು ಕಷ್ಟ.

ತಾಜ್ ಮಹಲ್ ಕಲಿಸಿದ ಪಾಠ

ಭಾರತೀಯರಿಗೆ ಹತ್ತಿರದ ಉದಾಹರಣೆ ತಾಜ್ ಮಹಲ್ ಸೆಟ್. 2008ರಲ್ಲಿ 5,922 ತುಂಡುಗಳೊಂದಿಗೆ ಬಂದಾಗ ಅಮೆರಿಕದಲ್ಲಿ ಅದರ ಬೆಲೆ ಸುಮಾರು 300 ಡಾಲರ್. ಉತ್ಪಾದನೆ ನಿಂತ ಮೇಲೆ ಸೀಲ್ ಇರುವ ಡಬ್ಬಿ ಸಾವಿರಾರು ಡಾಲರ್‌ಗೆ ಮಾರಾಟವಾಗತೊಡಗಿತು. ಮುಂದೆ ಇನ್ನೂ ಏರುತ್ತದೆ ಎಂದು ಹಲವರು ಕಾಯುತ್ತಿದ್ದರು.

2017ರಲ್ಲಿ ಕಂಪನಿ ಅದೇ ತಾಜ್ ಮಹಲನ್ನು ಹೊಸ ಸಂಖ್ಯೆಯೊಂದಿಗೆ ಮತ್ತೆ ಬಿಡುಗಡೆ ಮಾಡಿತು. ತುಂಡುಗಳು 5,923, ಬೆಲೆ ಸುಮಾರು 370 ಡಾಲರ್. ಅಂಗಡಿಯಲ್ಲೇ ಸಿಗುವ ವಸ್ತುವಿಗೆ ಸಾವಿರಾರು ಡಾಲರ್ ಯಾರು ಕೊಡುತ್ತಾರೆ? ಹಳೆಯ ಡಬ್ಬಿಯ ಬೆಲೆ ಬಿತ್ತು. ಸ್ಟಾರ್ ವಾರ್ಸ್‌ನ ಮಿಲೆನಿಯಂ ಫಾಲ್ಕನ್ ಕೂಡ ಹೀಗೆಯೇ. 2007ರ ದೊಡ್ಡ ಸೆಟ್‌ಗೆ ಬದಲಾಗಿ 2017ರಲ್ಲಿ 7,541 ತುಂಡುಗಳ, ಇನ್ನೂ ದೊಡ್ಡ ಹೊಸ ಆವೃತ್ತಿ ಬಂತು. ಆ ಹೊಸದು ವರ್ಷಗಟ್ಟಲೆ ಅಂಗಡಿಯಲ್ಲೇ ಉಳಿದಿದ್ದರಿಂದ ಲಾಭಕ್ಕೆಂದು ಕೊಂಡವರ ಹಣ ಸಿಕ್ಕಿಬಿತ್ತು.

ಯಾವ ಸೆಟ್ ಯಾವಾಗ ನಿಲ್ಲುತ್ತದೆ, ಯಾವುದು ಮತ್ತೆ ಬರುತ್ತದೆ ಎಂಬ ತೀರ್ಮಾನ ಪೂರ್ತಿಯಾಗಿ ಕಂಪನಿಯ ಕೈಯಲ್ಲಿದೆ. ಚಿನ್ನಕ್ಕೂ ಲೆಗೊಗೂ ಇರುವ ದೊಡ್ಡ ವ್ಯತ್ಯಾಸ ಇದು.

ಭಾರತದಲ್ಲಿ ಲೆಕ್ಕ ಬೇರೆ

ಆಟಿಕೆಗಳ ಮೂಲ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಹೀಗಾಗಿ ಇಲ್ಲಿನ ಗ್ರಾಹಕ ಅಮೆರಿಕ, ಯುರೋಪಿನವರಿಗಿಂತ ಹೆಚ್ಚು ಬೆಲೆಗೆ ಖರೀದಿ ಮಾಡುವುದೇ ಸಾಮಾನ್ಯ. ಮಾರುವಾಗ ಮಾತ್ರ ಅಂತರರಾಷ್ಟ್ರೀಯ ಬೆಲೆಯ ಜೊತೆಗೇ ಪೈಪೋಟಿ. ವಿದೇಶಕ್ಕೆ ಕಳಿಸೋಣ ಎಂದರೆ ದೊಡ್ಡ ಡಬ್ಬಿಯ ಕೊರಿಯರ್ ಖರ್ಚು ಕಾಡುತ್ತದೆ. ದೇಶದೊಳಗೆ 50 ಸಾವಿರ ರೂಪಾಯಿ ಕೊಟ್ಟು ಹಳೆಯ ಸೆಟ್ ಕೊಳ್ಳುವವರು ಬೆರಳೆಣಿಕೆಯಷ್ಟು.

ಒಂದು ಸರಳ ಲೆಕ್ಕ ನೋಡಿ. 20,000 ರೂಪಾಯಿಯ ಸೆಟ್ ವರ್ಷಕ್ಕೆ ಶೇ 11ರಂತೆ ಏರಿದರೆ 5 ವರ್ಷಕ್ಕೆ ಸುಮಾರು 33,700 ರೂಪಾಯಿ. ಮಾರಾಟ ತಾಣದ ಕಮಿಷನ್ ಶೇ 10 ಎಂದಿಟ್ಟುಕೊಂಡರೆ 3,370 ಹೋಯಿತು. ಪ್ಯಾಕಿಂಗ್, ಕೊರಿಯರ್‌ಗೆ 1,000. ಕೈಗೆ ಬರುವುದು 29,330. ಅಂದರೆ ವಾರ್ಷಿಕ ಲಾಭ ಶೇ 11 ಅಲ್ಲ, ಸುಮಾರು ಶೇ 8. ಇದೂ ಸೆಟ್ ಏರಿದರೆ, ಗಿರಾಕಿ ಸಿಕ್ಕರೆ, ಡಬ್ಬಿ ಹಾಳಾಗದಿದ್ದರೆ ಮಾತ್ರ. ಅಷ್ಟೂ ವರ್ಷ ಬಡ್ಡಿಯಿಲ್ಲ, ಡಿವಿಡೆಂಡ್ ಇಲ್ಲ, ತುರ್ತಿಗೆ ಅಡವಿಡಲೂ ಬಾರದು.

ಮಳೆ, ಬಿಸಿಲು ಮತ್ತು ಜಾಗ

ಸಂಗ್ರಾಹಕರು ಡಬ್ಬಿಯ ಮೂಲೆ ಜಜ್ಜಿದ್ದರೂ ಬೆಲೆ ಇಳಿಸುತ್ತಾರೆ. ಪುಣೆಯಲ್ಲಾಗಲಿ ಬೆಳಗಾವಿಯಲ್ಲಾಗಲಿ ನಾಲ್ಕು ತಿಂಗಳ ಮಳೆಗಾಲದ ತೇವ ರಟ್ಟಿನ ಡಬ್ಬಿಗೆ ಮೊದಲ ಶತ್ರು. ಬೂಷ್ಟು, ಹುಳು, ಅಂಟು ಬಿಡುವ ಸ್ಟಿಕ್ಕರ್ ಎಲ್ಲವೂ ತೇವದ ಜೊತೆಗೇ ಬರುತ್ತವೆ.

* ಡಬ್ಬಿಗಳನ್ನು ನೆಲಕ್ಕೆ ಅಥವಾ ಹೊರಗೋಡೆಗೆ ತಾಗಿಸಿ ಇಡಬೇಡಿ. ಸಿಲಿಕಾ ಜೆಲ್ ಪೊಟ್ಟಣ ಹಾಕಿ, ವರ್ಷಕ್ಕೆರಡು ಬಾರಿ ಬದಲಿಸಿ.
* ಭಾರದ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಬೇಡಿ. ಕೆಳಗಿನದು ಕುಸಿಯುತ್ತದೆ.
* ಕಟ್ಟಿಟ್ಟ ಮಾದರಿಯನ್ನು ಕಿಟಕಿಯ ಬಿಸಿಲಿನಿಂದ ದೂರವಿಡಿ. ಬಿಳಿ, ಬೂದು ತುಂಡುಗಳು ಹಳದಿಯಾಗುತ್ತವೆ.
* ಬಿಲ್ ಮತ್ತು ಸೀಲ್‌ನ ಫೋಟೊ ಜೋಪಾನ ಮಾಡಿ. ಮಾರುವಾಗ ಅದೇ ಸಾಕ್ಷಿ.

ಬಾಡಿಗೆ ಮನೆಯಲ್ಲಿದ್ದು ಎರಡು ವರ್ಷಕ್ಕೊಮ್ಮೆ ಮನೆ ಬದಲಿಸುವವರಿಗೆ ಪ್ರತಿ ಸ್ಥಳಾಂತರವೂ ಡಬ್ಬಿಗಳಿಗೆ ಅಗ್ನಿಪರೀಕ್ಷೆ.

ನಕಲಿಗಳ ಬಗ್ಗೆ ಎಚ್ಚರ

ಮೂಲ ಇಟ್ಟಿಗೆಯ ಪೇಟೆಂಟ್ ಅವಧಿ ಎಂದೋ ಮುಗಿದಿದೆ. ಹಾಗಾಗಿ ಲೆಗೊಗೆ ಹೊಂದುವ ಇಟ್ಟಿಗೆಗಳನ್ನು ಬೇರೆ ಕಂಪನಿಗಳು ತಮ್ಮದೇ ಹೆಸರಿನಲ್ಲಿ ಮಾಡಿ ಮಾರುವುದು ತಪ್ಪಲ್ಲ. ಮಕ್ಕಳ ಆಟಕ್ಕೆ ಅವು ಸಾಕು. ಸೆಟ್‌ನ ವಿನ್ಯಾಸ, ಡಬ್ಬಿಯ ಚಿತ್ರ, ಗೊಂಬೆಗಳನ್ನು ಯಥಾವತ್ತು ನಕಲು ಮಾಡುವುದು ಮಾತ್ರ ಅಪರಾಧ. ಲೆಪಿನ್ ಎಂಬ ಹೆಸರಿನಲ್ಲಿ ಇಂಥ ಸೆಟ್ ಮಾಡುತ್ತಿದ್ದ ಕಾರ್ಖಾನೆಯ ಮೇಲೆ 2019ರಲ್ಲಿ ಶಾಂಘೈ ಪೊಲೀಸರು ದಾಳಿ ನಡೆಸಿದ್ದರು. ನಕಲಿ ಸೆಟ್‌ಗೆ ಮರುಮಾರಾಟದ ಬೆಲೆ ಇಲ್ಲವೇ ಇಲ್ಲ ಎನ್ನಬಹುದು.

ಕೊಳ್ಳುವ ಮುನ್ನ ಇಷ್ಟು ಕೇಳಿಕೊಳ್ಳಿ

* ಈ ಸೆಟ್ ಎಂದೂ ಮಾರಾಟವಾಗದಿದ್ದರೂ ಮನೆಯಲ್ಲಿರುವುದು ನಿಮಗೆ ಖುಷಿಯೇ? ಅಲ್ಲವಾದರೆ ಬಿಟ್ಟುಬಿಡಿ.
* ಹಣ ಎಲ್ಲಿಂದ? ತುರ್ತು ನಿಧಿ, ವಿಮೆ, ಮಕ್ಕಳ ಶುಲ್ಕದ ಹಣ ಇದಕ್ಕೆ ಬೇಡ. ಕ್ರೆಡಿಟ್ ಕಾರ್ಡ್ ಬಾಕಿ ಉಳಿಸಿ ಕೊಂಡರೆ ಅದರ ಬಡ್ಡಿಯೇ ಲಾಭವನ್ನು ನುಂಗುತ್ತದೆ.
* ರಿಯಾಯಿತಿ ಇದೆಯೇ? ಪೂರ್ಣ ಬೆಲೆಗೆ ಕೊಂಡವರಿಗಿಂತ ಶೇ 20-30 ಕಡಿಮೆಗೆ ಕೊಂಡವರು ನಷ್ಟದಿಂದ ದೂರ.
* ನಿಮ್ಮ ಹಣ ಪಡೆದು ಆಟಿಕೆಯಲ್ಲಿ ತೊಡಗಿಸಿ 'ಖಚಿತ ಲಾಭ' ಕೊಡುತ್ತೇವೆ ಎನ್ನುವವರನ್ನು ನಂಬಬೇಡಿ. ಇಂಥ ಖಾತ್ರಿ ಯಾರಿಗೂ ಕೊಡಲು ಸಾಧ್ಯವಿಲ್ಲ.
* ಪದೇ ಪದೇ ಕೊಂಡು ಮಾರಿದರೆ ಅದನ್ನು ವ್ಯಾಪಾರ ಎಂದು ಪರಿಗಣಿಸಿ ತೆರಿಗೆ ಬೀಳಬಹುದು. ಲೆಕ್ಕ ಪರಿಶೋಧಕರನ್ನು ಕೇಳಿ.

ಇಂದಿನ ಬೆಲೆಗೆ ಆಧಾರ, ಆ ಸೆಟ್‌ಗಳೊಂದಿಗೆ ಬೆಳೆದ ಪೀಳಿಗೆಯ ನೆನಪು. ಮುಂದಿನ ಪೀಳಿಗೆ ಅದನ್ನೇ ಬಯಸುತ್ತದೆ ಎಂಬ ಖಾತ್ರಿಯಿಲ್ಲ. ಒಂದು ಕಾಲದಲ್ಲಿ ಮನೆಮನೆಯಲ್ಲಿದ್ದ ಅಂಚೆಚೀಟಿ ಆಲ್ಬಂಗಳು ಈಗ ಎಲ್ಲಿವೆ ಎಂದು ನೆನಪಿಸಿಕೊಂಡರೆ ಸಾಕು. ಹವ್ಯಾಸದ ಖರ್ಚಿನಲ್ಲಿ ಸ್ವಲ್ಪ ಹಣ ಮುಂದೊಂದು ದಿನ ವಾಪಸ್ ಬರಬಹುದು ಎಂದುಕೊಂಡು ಕೊಳ್ಳುವವರಿಗೆ ಲೆಗೊ ಒಳ್ಳೆಯ ಸಂಗಾತಿ. ನಿವೃತ್ತಿಯ ಉಳಿತಾಯಕ್ಕೆ ಪಿಪಿಎಫ್, ಮ್ಯೂಚುವಲ್ ಫಂಡ್‌ನಂಥ ದಾರಿಗಳೇ ಇರಲಿ.