ಇಂಗ್ಲಿಷಿನ ಅದೃಷ್ಟೋಕ್ತಿಗಳು: ದ್ಯೂತಮೂಲದ ವಿಚಾರ

ಒಂದು ಜನಾಂಗವು ದೈವಯೋಗವನ್ನು ಕುರಿತು ಆಡುವ ಮಾತುಗಳ ಮೂಲವನ್ನು ಅದರ ಮತಧರ್ಮದಲ್ಲಿಯೂ ತತ್ತ್ವಶಾಸ್ತ್ರದಲ್ಲಿಯೂ ಅರಸುವುದು ವಿದ್ವಾಂಸರಿಗೆ ಸಹಜವಾದ ಪ್ರವೃತ್ತಿ. ನಮ್ಮ 'ಅದೃಷ್ಟ'ವು ವೈಶೇಷಿಕರ ಪಾರಿಭಾಷಿಕ ಪದವಾಗಿದ್ದು, ಪೂರ್ವಕರ್ಮದಿಂದ ಹುಟ್ಟಿ ಕಣ್ಣಿಗೆ ಕಾಣದೆ ಫಲವೀಯುವ ಶಕ್ತಿಯನ್ನು ಸೂಚಿಸುವುದರಿಂದ, ನಮ್ಮ ನುಡಿಯ ಮಟ್ಟಿಗೆ ಆ ಅನ್ವೇಷಣೆ ಸಫಲವೂ ಆಗುತ್ತದೆ. ಇಂಗ್ಲಿಷಿನ ಅದೃಷ್ಟೋಕ್ತಿಗಳನ್ನು ಅದೇ ರೀತಿಯಲ್ಲಿ ಪರೀಕ್ಷಿಸಹೊರಟವನಿಗಾದರೋ ಬೇರೊಂದು ದೃಶ್ಯ ಎದುರಾಗುತ್ತದೆ. ಅವುಗಳಲ್ಲಿ ಬಹುಭಾಗವು ಚೀಟಿಯೆತ್ತುವ, ದಾಳವುರುಳಿಸುವ ಕೈಗಳಿಂದ ಹುಟ್ಟಿ, ಮಠಗಳನ್ನೂ ವಿದ್ಯಾಪೀಠಗಳನ್ನೂ ಆಮೇಲೆ ಪ್ರವೇಶಿಸಿದಂಥವು ಎಂಬುದೇ ಈ ಲೇಖನದ ಪ್ರತಿಪಾದ್ಯ.

ಪ್ರಾಚೀನತಮವಾದ ಸ್ತರದಲ್ಲಿ ದೊರೆಯುವ ಪದ 'ಲಾಟ್'. ಕ್ರಿ. ಶ. ೯೮ರ ಸುಮಾರಿಗೆ ರಚಿತವಾದ 'ಜರ್ಮಾನಿಯ' ಗ್ರಂಥದಲ್ಲಿ ರೋಮನ್ ಇತಿಹಾಸಕಾರ ಟ್ಯಾಸಿಟಸನು ಜರ್ಮಾನಿಕ್ ಬಣಗಳ ಶಕುನವಿಧಿಯನ್ನು ವರ್ಣಿಸಿದ್ದಾನೆ: ಫಲಬಿಡುವ ಮರದ ಕೊಂಬೆಯೊಂದನ್ನು ಕಡಿದು, ಚೂರುಗಳಾಗಿ ಸೀಳಿ, ಒಂದೊಂದಕ್ಕೂ ಗುರುತು ಹಾಕಿ, ಬಿಳಿಯ ಬಟ್ಟೆಯ ಮೇಲೆ ಚೆಲ್ಲಿದ ಬಳಿಕ, ಸಾರ್ವಜನಿಕ ಕಾರ್ಯವಾದರೆ ಪುರೋಹಿತನೂ ಗೃಹಕೃತ್ಯವಾದರೆ ಮನೆಯ ಯಜಮಾನನೂ ಆಕಾಶವನ್ನು ನೋಡುತ್ತ ಮೂರು ಚೂರುಗಳನ್ನು ಎತ್ತುತ್ತಿದ್ದರಂತೆ. ಈ ಬಣಗಳ ವಂಶಜರು ಬ್ರಿಟನ್ನಿಗೆ ಬಂದಾಗ ಅವರ ನುಡಿಯಲ್ಲಿದ್ದ 'ಹ್ಲೊಟ್' ಎಂಬುದು ಇಂಥ ಚೀಟಿಗೇ ಸಲ್ಲುತ್ತಿದ್ದ ಹೆಸರು. ಚೀಟಿಯಿಂದ ದೊರೆತ ಪಾಲು, ಆ ಪಾಲಿನಿಂದ ಜೀವಮಾನದ ಪಾಡು, ಹೀಗೆ ಅರ್ಥವು ವಿಸ್ತರಿಸುತ್ತ ಬಂದುದರಿಂದಲೇ, ಇಂದಿಗೂ ಇಂಗ್ಲಿಷರು ತಮಗೊದಗಿದ ಕರ್ತವ್ಯವು ತಮ್ಮ ಲಾಟಿಗೆ 'ಬಿದ್ದಿತು' ಎನ್ನುತ್ತಾರೆ. ಮತ್ತೊಬ್ಬರ ಸುಖದುಃಖಗಳಲ್ಲಿ ಸಹಭಾಗಿಯಾಗುವವನು ತನ್ನ ಲಾಟನ್ನು ಅವರೊಡನೆ 'ಎಸೆಯುತ್ತಾನೆ'.

ವಿಧಿಗೆ ಆ ಕಾಲದಲ್ಲಿದ್ದ ಗಂಭೀರವಾದ ಪದ 'ವಿರ್ಡ್'. ಕಾಲಾಂತರದಲ್ಲಿ ಅದು ಸವೆದು, ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕದ ಮೂವರು ಮಾಟಗಾತಿಯರಿಗೆ ವಿಶೇಷಣವಾಗಿ ಉಳಿದು, ಕೊನೆಗೆ ಕೇವಲ 'ವಿಚಿತ್ರ' ಎಂಬರ್ಥಕ್ಕಿಳಿಯಿತು. ಫಾರ್ಚೂನ್ ದೇವಿಯ ಚಕ್ರವು ರೋಮಿನಿಂದ ಬಂದುದು. ಸುಮಾರು ೫೨೪ರಲ್ಲಿ ಮರಣದಂಡನೆಗೆ ಗುರಿಯಾದ ಬೊಯೀಥಿಯಸನು ಸೆರೆಯಲ್ಲಿದ್ದು ಬರೆದ ತತ್ತ್ವಸಾಂತ್ವನ ಗ್ರಂಥದ ಮೂಲಕ, ಅದನ್ನು ಇಂಗ್ಲಿಷಿಗೆ ಪರಿವರ್ತಿಸಿದವರಲ್ಲೊಬ್ಬನಾದ ಚಾಸರನ ಮೂಲಕ, ಅದು ಕವಿಗಳ ಸಾಮಗ್ರಿಯಾಯಿತು. ಆದರೆ ಜನರ ಬಾಯಲ್ಲಿ ಬೇರೂರಿದುದು ಸ್ಕ್ಯಾಂಡಿನೇವಿಯದಿಂದ ಬಂದ 'ಹ್ಯಾಪ್' ಎಂಬ ಪುಟ್ಟ ಪದ. ಸಂಭವಿಸುವುದು, ಬಹುಶಃ, ಅವಘಡ, ಕಡೆಗೆ ಸಂತೋಷ, ಇವೆಲ್ಲಕ್ಕೂ ಇಂಗ್ಲಿಷಿನಲ್ಲಿರುವ ನಿತ್ಯವ್ಯವಹಾರದ ಶಬ್ದಗಳು ಈ ಒಂದು ಧಾತುವಿನ ಸಂತಾನ. ಸುಖಿಯೆಂದರೆ ಮೊದಲಿಗೆ ಅದೃಷ್ಟ ಒಲಿದವನು ಎಂದೇ ಅರ್ಥವಿದ್ದಿತೆಂಬುದು ಮನಸ್ಸನ್ನು ತಡೆದು ನಿಲ್ಲಿಸುವ ಸಂಗತಿ.

ಇನ್ನು 'ಹ್ಯಾಜರ್ಡ್'. ಇಂದು ಅಪಾಯವೆಂಬರ್ಥದಲ್ಲಿ ಬಳಕೆಯಾಗುವ ಈ ಪದ ಇಂಗ್ಲಿಷಿಗೆ ೧೩೦೦ರ ಸುಮಾರಿಗೆ ಫ್ರೆಂಚಿನಿಂದ ಬಂದಾಗ ಎರಡು ದಾಳಗಳ ಒಂದು ಆಟದ ಹೆಸರಾಗಿದ್ದಿತು. ಅದರ ಹಿಂದೆ ಸ್ಪ್ಯಾನಿಷಿನ 'ಅಸಾರ್', ಅದರ ಹಿಂದೆ ಅರಬ್ಬಿಯ ಮೂಲವೊಂದಿರಬಹುದೆಂದು ಭಾಷಾಶಾಸ್ತ್ರಜ್ಞರ ಊಹೆ. ದಾಳವೆಸೆಯುವವನು ಮೊದಲು ಐದರಿಂದ ಒಂಬತ್ತರೊಳಗಿನ ಒಂದು ಸಂಖ್ಯೆಯನ್ನು ಕೂಗಬೇಕು. ಅದಕ್ಕೆ 'ಮೇನ್' ಎಂದು ಹೆಸರು. ಅದೇ ಬಿದ್ದರೆ ಗೆಲವು, ಎರಡೋ ಮೂರೋ ಬಿದ್ದರೆ ಸೋಲು. ಹನ್ನೊಂದು ಹನ್ನೆರಡಕ್ಕೆ ಬೇರೆ ಕಟ್ಟಳೆಗಳುಂಟು. ಉಳಿದ ಯಾವ ಸಂಖ್ಯೆ ಬಿದ್ದರೂ ಅದು ಅವನ 'ಚಾನ್ಸ್' ಆಗುತ್ತದೆ. ಆ ಚಾನ್ಸು ಮರಳಿ ಬೀಳುವ ತನಕ ಅವನು ಎಸೆಯುತ್ತಲೇ ಇರಬೇಕು, ನಡುವೆ ಮೇನ್ ಬಿದ್ದರೆ ಪಣವೆಲ್ಲ ಹೋಯಿತು. 'ಚಾನ್ಸ್' ಎಂಬುದು 'ಬೀಳು' ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು; ನಮ್ಮಲ್ಲಿಯೂ ಗರ ಬೀಳುವುದೇ ಹೊರತು ಬರುವುದಿಲ್ಲವೆಂಬುದನ್ನು ನೆನೆದರೆ ಆ ಧಾತ್ವರ್ಥದ ಔಚಿತ್ಯ ತಾನೇ ಮನವರಿಕೆಯಾಗುತ್ತದೆ. ಚಾಸರನು 'ಪಾರ್ಡನರನ ಕಥೆ'ಯಲ್ಲಿ ಜೂಜನ್ನು ಖಂಡಿಸುವಾಗ ಆಟಗಾರರು ತಂತಮ್ಮ ಚಾನ್ಸಿನ ಸಂಖ್ಯೆಯನ್ನು ಹೇಳಿಕೊಳ್ಳುವುದನ್ನು ತೋರಿಸಿರುವುದರಿಂದ, ಹದಿನಾಲ್ಕನೆಯ ಶತಮಾನದಲ್ಲಿಯೇ ಈ ಪಾರಿಭಾಷಿಕಾರ್ಥ ರೂಢಿಯಲ್ಲಿದ್ದಿತೆಂಬುದು ನಿಸ್ಸಂದೇಹ. ಲಾಭದ ಮೇಲೆ ಕಣ್ಣಿಟ್ಟವನನ್ನು 'ಮೇನ್ ಚಾನ್ಸಿ'ನ ಮೇಲೆ ಕಣ್ಣಿಟ್ಟವನೆಂದು ಕರೆಯುವ ರೂಢಿಗೂ ಈ ಆಟವೇ ಆಕರ.

'ಅಟ್ ಸಿಕ್ಸಸ್ ಅಂಡ್ ಸೆವೆನ್ಸ್' ಎಂಬ ನುಡಿಗಟ್ಟಿನ ವಿಚಾರವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಏಕೆಂದರೆ ಇದರ ಬಗ್ಗೆ ಲಂಡನ್ನಿನಲ್ಲಿ ಒಂದು ಮನೋಹರವಾದ ಐತಿಹ್ಯವುಂಟು. ದರ್ಜಿವರ್ತಕರ ಶ್ರೇಣಿಯೂ ತುಪ್ಪುಳುದೊಗಲಿನ ವರ್ತಕರ ಶ್ರೇಣಿಯೂ ಒಂದೇ ವರ್ಷ, ೧೩೨೭ರಲ್ಲಿ, ರಾಜಶಾಸನ ಪಡೆದಿದ್ದು, ನಗರದ ಮೆರವಣಿಗೆಯಲ್ಲಿ ಆರನೆಯ ಸ್ಥಾನ ತಮ್ಮದೆಂದು ಪರಸ್ಪರ ಹೋರಾಡುತ್ತಿದ್ದುವು. ೧೪೮೪ರಲ್ಲಿ ಲಾರ್ಡ್ ಮೇಯರ್ ರಾಬರ್ಟ್ ಬಿಲ್ಲೆಸ್ಡನ್ನನು, ಇಬ್ಬರೂ ವರ್ಷ ಬಿಟ್ಟು ವರ್ಷ ಆರನೆಯವರೂ ಏಳನೆಯವರೂ ಆಗತಕ್ಕದ್ದೆಂದು ತೀರ್ಪಿತ್ತನು. ಆ ತೀರ್ಪು ಇಂದಿಗೂ ಪಾಲಿತವಾಗುತ್ತಿದೆ. ಆರೇಳರ ಗೊಂದಲವೆಂಬ ಮಾತು ಇಲ್ಲಿಂದಲೇ ಹುಟ್ಟಿತೆಂಬುದು ಜನಪ್ರಿಯವಾದ ವಿವರಣೆ. ತೀರ್ಪು ಸತ್ಯ, ವಿವರಣೆ ಅಸಾಧು. ಅದಕ್ಕೆ ಸುಮಾರು ನೂರು ವರ್ಷ ಮೊದಲೇ ಚಾಸರನು 'ಟ್ರಾಯ್ಲಸ್ ಮತ್ತು ಕ್ರಿಸೈಡ್' ಕಾವ್ಯದಲ್ಲಿ ಈ ನುಡಿಯನ್ನು ಪ್ರಯೋಗಿಸಿದ್ದಾನೆ, ಅದೂ ಗೊಂದಲವೆಂಬರ್ಥದಲ್ಲಲ್ಲದೆ ಸರ್ವಸ್ವವನ್ನೂ ಪಣವಾಗಿಡುವ ಸಾಹಸದ ಅರ್ಥದಲ್ಲಿ. ದಾಳಕ್ಕಿರುವುದು ಆರೇ ಮುಖವಾದುದರಿಂದ ಏಳೆಲ್ಲಿಂದ ಬಂದಿತೆಂಬ ಪ್ರಶ್ನೆಗೆ, ಐದು ಆರುಗಳ ಫ್ರೆಂಚ್ ಹೆಸರುಗಳಾದ 'ಸ್ಯಾಂಕ್', 'ಸೀಸ್' ಎಂಬವು ಅರಿಯದವರ ಬಾಯಲ್ಲಿ ಆರು ಏಳಾಗಿ ಕೆಟ್ಟುವೆಂಬುದು ವಿದ್ವಾಂಸರು ಸಾಮಾನ್ಯವಾಗಿ ಕೊಡುವ ಸಮಾಧಾನ. ನನಗೂ ಇದೇ ಯುಕ್ತವೆಂದು ತೋರುತ್ತದೆ. ಪಣವಿಟ್ಟವನ ಮನೆವಾರ್ತೆ ಅಸ್ತವ್ಯಸ್ತವಾಗುವುದನ್ನು ಕಂಡ ಜನ ಸಾಹಸದ ಮಾತನ್ನು ಗೊಂದಲಕ್ಕೆ ಅನ್ವಯಿಸಿದುದರಲ್ಲಿ ಆಶ್ಚರ್ಯವೇನಿದೆ?

'ಲಕ್' ಎಂಬ ಪದವಾದರೋ ಇವೆಲ್ಲಕ್ಕಿಂತ ಅರ್ವಾಚೀನ. ಹದಿನೈದನೆಯ ಶತಮಾನದಲ್ಲಿ ಅದು ಡಚ್ ಅಥವಾ ತಗ್ಗುನಾಡಿನ ಜರ್ಮನ್ ನುಡಿಯಿಂದ, ಪ್ರಾಯಶಃ ಜೂಜುಗಾರರ ಪರಿಭಾಷೆಯಾಗಿಯೇ, ಬಂದುದು. ೧೫೬೯ರಲ್ಲಿ ಒಂದನೆಯ ಎಲಿಜಬೆತ್ ರಾಣಿಯ ಸರ್ಕಾರವು ಬಂದರುಗಳ ದುರಸ್ತಿಗಾಗಿ ಸೇಂಟ್ ಪಾಲ್ ದೇವಾಲಯದ ಪಶ್ಚಿಮದ್ವಾರದಲ್ಲಿ ಹತ್ತು ಷಿಲಿಂಗಿಗೊಂದರಂತೆ ಮಾರಿದ ಲಾಟರಿಯ ಚೀಟಿಗಳನ್ನು ಎತ್ತಿಸಿತು. ಟ್ಯಾಸಿಟಸನ ಪುರೋಹಿತನ ಕಾರ್ಯ ರಾಜ್ಯದ ಬೊಕ್ಕಸಕ್ಕೆ ಸಂದಿತು.

ದಾಳದ ಮಾತು ಶಾಸ್ತ್ರದ ಮಾತಾದ ಬಗೆ ಇನ್ನೂ ಕುತೂಹಲಕರ. ೧೬೯೩ರಲ್ಲಿ ದಿನಚರಿಕಾರ ಸ್ಯಾಮ್ಯುಅಲ್ ಪೀಪ್ಸನು ನ್ಯೂಟನ್ನನಿಗೆ ಪತ್ರ ಬರೆದು, ಆರು ದಾಳಗಳಲ್ಲಿ ಕನಿಷ್ಠ ಒಂದು ಆರು, ಹನ್ನೆರಡರಲ್ಲಿ ಎರಡು, ಹದಿನೆಂಟರಲ್ಲಿ ಮೂರು, ಇವುಗಳಲ್ಲಿ ಯಾವುದು ಬೀಳುವ ಸಂಭವ ಹೆಚ್ಚೆಂದು ಕೇಳಿದನು. ಮೊದಲನೆಯದೇ ಎಂಬ ನ್ಯೂಟನ್ನನ ಉತ್ತರ ಅವನಿಗೆ ಸುಲಭವಾಗಿ ಒಪ್ಪಿಗೆಯಾಗದೆ, ಲೆಕ್ಕವನ್ನು ಬಿಡಿಸಿ ತೋರಿಸುವಂತೆ ಮತ್ತೆ ಬರೆಯಬೇಕಾಯಿತು. ಫ್ರಾನ್ಸಿನ ಮತೀಯ ಹಿಂಸೆಯಿಂದ ಲಂಡನ್ನಿಗೆ ಬಂದು, ಪಾಠ ಹೇಳಿಯೂ ಕಾಫಿಗೃಹದಲ್ಲಿ ಜೂಜಿನ ಪ್ರಶ್ನೆಗಳಿಗೆ ಉತ್ತರವಿತ್ತೂ ಜೀವಿಸಿದ ಏಬ್ರಹಾಂ ಡಿ ಮಾಯ್ವರನು ೧೭೧೮ರಲ್ಲಿ ನ್ಯೂಟನ್ನನಿಗೆ ಅರ್ಪಿಸಿದ ಮಹಾಗ್ರಂಥಕ್ಕೆ 'ಚಾನ್ಸುಗಳ ಸಿದ್ಧಾಂತ'ವೆಂದೇ ಹೆಸರಿಟ್ಟನು. ಹ್ಯಾಜರ್ಡ್ ಆಟದ ಲೆಕ್ಕಾಚಾರವೂ ಅದರಲ್ಲಿದೆ. ಏಳು ವರ್ಷಗಳ ಬಳಿಕ, ಖಗೋಳಜ್ಞ ಹ್ಯಾಲಿಯು ಸಿದ್ಧಪಡಿಸಿದ ಮರಣಪಟ್ಟಿಯನ್ನು ಆಧರಿಸಿ, ಅದೇ ಗಣಿತವನ್ನು ಅವನು ಮನುಷ್ಯರ ಆಯುಷ್ಯಕ್ಕೂ ವರ್ಷಾಶನಗಳ ಬೆಲೆಗೂ ಅನ್ವಯಿಸಿದನು.