ಇತ್ಯರ್ಥವಾಗದ ಕಡೆ ಒಂದು ನಾಬ್

ಮನೆಯ ಸ್ಟೀರಿಯೊ ಆಂಪ್ಲಿಫೈಯರಿನಲ್ಲಿ ವಾಲ್ಯೂಮ್ ಒಂದಿದ್ದರೆ ಸಾಕು, ಉಳಿದ ನಾಬು, ಸ್ವಿಚ್ಚು, ಮೆನುಗಳೆಲ್ಲ ಗಿರಾಕಿಯನ್ನು ಮೆಚ್ಚಿಸಲು ಇಟ್ಟ ಅಲಂಕಾರ ಎಂಬ ಮಾತು ಧ್ವನಿರಸಿಕರಲ್ಲಿ ಬಹಳ ಕಾಲದಿಂದ ಇದೆ. ಈ ಯಂತ್ರದ ಚರಿತ್ರೆ ಅದನ್ನು ಒಪ್ಪುವುದಿಲ್ಲ. ಸಂಗೀತವನ್ನು ಮುದ್ರಿಸುವವರಿಗೂ ಮನೆಯಲ್ಲಿ ಕೂತು ಕೇಳುವವರಿಗೂ ನಡುವೆ ಏನಾದರೊಂದು ಇತ್ಯರ್ಥವಾಗದೆ ಉಳಿದಾಗ ಅಲ್ಲೊಂದು ನಾಬ್ ಹುಟ್ಟಿಕೊಂಡಿದೆ; ಇತ್ಯರ್ಥವಾದ ಮೇಲೆ ತಾನಾಗಿ ಮರೆಯಾಗಿದೆ.

ಇದಕ್ಕೆ ಮೊದಲ ಸಾಕ್ಷಿ ಗ್ರಾಮಫೋನ್ ಪ್ಲೇಟು. ಮಂದ್ರದ ಸ್ವರಗಳನ್ನು ಇದ್ದ ಬಲದಲ್ಲೇ ಕೊರೆದರೆ ಗೆರೆ ಅಡ್ಡಡ್ಡ ಓಲಾಡಿ ಪಕ್ಕದ ಗೆರೆಗೆ ನುಗ್ಗುತ್ತದೆ. ತಾರದ ಸ್ವರಗಳು ಇದ್ದ ಹಾಗೇ ಕೊರೆದರೆ ಮುಳ್ಳಿನ ಸರಸರ ಸದ್ದಿನಲ್ಲಿ ಮುಳುಗಿಹೋಗುತ್ತವೆ. ಆದ್ದರಿಂದ ಮುದ್ರಣದಲ್ಲೇ ಬಾಸ್ ತಗ್ಗಿಸಿ ಟ್ರೆಬಲ್ ಏರಿಸುತ್ತಿದ್ದರು. ಮನೆಯ ಆಂಪ್ಲಿಫೈಯರ್ ಅದನ್ನು ತಿರುಗಿಸಿ ಸರಿದೂಗಿಸಬೇಕಿತ್ತು. ತೊಡಕೆಂದರೆ, ಎಷ್ಟು ತಗ್ಗಿಸಬೇಕು, ಎಷ್ಟು ಏರಿಸಬೇಕು ಎಂಬುದರಲ್ಲಿ ಕಂಪನಿಗೊಂದು ಲೆಕ್ಕ. 1948ರಲ್ಲಿ ಎಲ್‌ಪಿ ತಂದ ಕೊಲಂಬಿಯಾದ ಪ್ಲೇಟಿಗೆ 10,000 ಹರ್ಟ್ಸ್‌ನಲ್ಲಿ 16 ಡೆಸಿಬೆಲ್ ಇಳಿಸಬೇಕಿದ್ದರೆ, ಅಮೆರಿಕದ ಆಡಿಯೊ ಎಂಜಿನಿಯರಿಂಗ್ ಸೊಸೈಟಿ 1951ರಲ್ಲಿ ಸೂಚಿಸಿದ ಲೆಕ್ಕದಲ್ಲಿ ಅದು 12 ಡೆಸಿಬೆಲ್. ಬ್ರಿಟನ್ನಿನ ಡೆಕ್ಕಾದ ಲೆಕ್ಕ ಬೇರೆ. ಹೀಗಾಗಿ ಆ ಕಾಲದ ಒಳ್ಳೆಯ ಪ್ರೀಆಂಪ್‌ಗಳ ಮುಖದ ಮೇಲೆ ಈ ಆಯ್ಕೆಗಳಿಗೆಂದೇ ಗುಂಡಿಗಳಿದ್ದವು. 1953ರ ಕ್ವಾಡ್ ಕ್ಯೂಸಿ-2ರಲ್ಲಿ ಗುಂಡಿಗಳನ್ನು ಬೇರೆಬೇರೆಯಾಗಿ ಜೋಡಿಸಿ ಒತ್ತಿ ಬೇಕಾದ ಲೆಕ್ಕ ಪಡೆಯುತ್ತಿದ್ದರು. 1954ರಲ್ಲಿ ಅಮೆರಿಕದ ರೆಕಾರ್ಡ್ ಉದ್ಯಮದ ಸಂಘ, ಆರ್‌ಐಎಎ, 13.7 ಡೆಸಿಬೆಲ್‌ನ ಒಂದೇ ಲೆಕ್ಕವನ್ನು ಒಪ್ಪಿತು. ಆ ಮೇಲೆ ಗುಂಡಿಗಳು ಒಂದೊಂದಾಗಿ ಮಾಯವಾದವು. 1954ರ ನಂತರವೂ ಕೆಲವು ಕಂಪನಿಗಳು ಹಳೆಯ ಲೆಕ್ಕವನ್ನೇ ಮುಂದುವರಿಸಿದವು ಎಂದು ವಾದಿಸುವ ಸಂಗ್ರಾಹಕರು ಇದ್ದಾರೆ. ಆ ವಾದವೂ ನನ್ನ ಮಾತಿಗೇ ಬಲ ಕೊಡುತ್ತದೆ: ಆ ಗುಂಡಿಗಳು ಇಂದಿಗೂ ಉಳಿದಿರುವುದು 78 ಆರ್‌ಪಿಎಂ ಪ್ಲೇಟು, ಹಳೆಯ ಎಲ್‌ಪಿಗಳಿಗೆಂದು ಮಾಡಿದ ಫೋನೊ ಪ್ರೀಆಂಪ್‌ಗಳಲ್ಲಿ ಮಾತ್ರ.

ಕಿವಿಯ ವಿಷಯದಲ್ಲಿ ಅಂಥ ಇತ್ಯರ್ಥ ಸಾಧ್ಯವಿರಲಿಲ್ಲ. ದನಿ ಮೆಲ್ಲಗಾದಂತೆ ಕಿವಿಗೆ ಬಾಸ್ ಹೆಚ್ಚು ಕಳೆದುಹೋಗುತ್ತದೆಂದು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ರಾತ್ರಿ ಅಕ್ಕಪಕ್ಕದವರಿಗೆ ತೊಂದರೆಯಾಗದಂತೆ ಹಾಕಿಕೊಂಡ ಹಾಡು ಬಡಕಲಾಗಿ ಕೇಳುವುದು ಇದರಿಂದಲೇ. ಲೌಡ್‌ನೆಸ್ ಸ್ವಿಚ್ಚು ಬಂದದ್ದು ಈ ಕೊರತೆಗೆ. ಅದರಲ್ಲಿ ದೋಷವೂ ಇತ್ತು. ಅದು ವಾಲ್ಯೂಮ್ ನಾಬಿನ ಜಾಗ ನೋಡಿ ಬಾಸ್ ಏರಿಸುತ್ತದೆ. ಆದರೆ ಸ್ಪೀಕರ್ ಬದಲಾದರೆ ಅದೇ ಜಾಗದಲ್ಲಿ ಬರುವ ದನಿಯೇ ಬೇರೆ. ಯಮಾಹಾ ಲೌಡ್‌ನೆಸ್ಸಿಗೆ ಬೇರೆಯೇ ನಾಬ್ ಕೊಟ್ಟಿತು: ವಾಲ್ಯೂಮನ್ನು ನಾವು ಕೇಳುವ ಅತಿ ಜೋರಿನ ಮಟ್ಟಕ್ಕೆ ಇಟ್ಟು, ಅಲ್ಲಿಂದ ಕೆಳಗಿಳಿಯಲು ಲೌಡ್‌ನೆಸ್ ನಾಬನ್ನೇ ತಿರುಗಿಸುವುದು. ಈ ಸಮಸ್ಯೆಗೆ ಇದಕ್ಕಿಂತ ಪ್ರಾಮಾಣಿಕ ಉತ್ತರ ಆ ಕಾಲದಲ್ಲಿ ಮತ್ತೊಂದಿರಲಿಲ್ಲ ಎಂದೇ ನನ್ನ ಎಣಿಕೆ.

ಬಾಸ್, ಟ್ರೆಬಲ್ ನಾಬ್‌ಗಳ ಮೇಲೆ ದೂರು ಇನ್ನೂ ಗಟ್ಟಿಯಾದದ್ದು. ದನಿಯ ದಾರಿಯಲ್ಲಿ ಸೇರಿಸಿದ ಪ್ರತಿ ಸರ್ಕ್ಯೂಟೂ ಅಷ್ಟಿಷ್ಟು ಕೆಡಿಸುತ್ತದೆ ಎನ್ನುತ್ತಾರೆ. ಹಳೆಯ ಸರ್ಕ್ಯೂಟುಗಳ ಮಟ್ಟಿಗೆ ಇದು ನಿಜ. ಅವು ಸಿಗ್ನಲನ್ನು ಮೊದಲು ಕುಗ್ಗಿಸಿ ಆಮೇಲೆ ಹಿಗ್ಗಿಸುತ್ತಿದ್ದವು. ಪೀಟರ್ ಬ್ಯಾಕ್ಸಂಡಾಲ್ 1952ರ ಅಕ್ಟೋಬರಿನಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದ ನೆಗೆಟಿವ್ ಫೀಡ್‌ಬ್ಯಾಕ್ ಸರ್ಕ್ಯೂಟು ಆ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿತು: ನಾಬ್ ನಡುವಿನಲ್ಲಿದ್ದರೆ ದನಿ ಇದ್ದ ಹಾಗೇ ಹಾದುಹೋಗುತ್ತದೆ. ಇಂದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಬಾಸ್-ಟ್ರೆಬಲ್ ಬೋರ್ಡುಗಳೂ ಬಹುಪಾಲು ಅದರ ಸಂತತಿಯೇ. ಆದರೂ 1983ರಲ್ಲಿ ಬಂದ ನೈಮ್ ನೈಟ್ ಆಂಪ್ಲಿಫೈಯರ್ ಈ ಎರಡೂ ನಾಬ್‌ಗಳನ್ನು ಕೈಬಿಟ್ಟಿತು, ಆ ಬರಿದಾದ ಮುಖವೇ ಶುದ್ಧತೆಯ ಗುರುತಾಯಿತು. ಅದೇ ಕಾಲದ ಕ್ವಾಡ್ 34 ಮಾತ್ರ ಟಿಲ್ಟ್ ಎಂಬ ಹೊಸ ನಾಬನ್ನೇ ತಂದಿತು. ಅದು ಬಾಸನ್ನು ಏರಿಸಿದಷ್ಟೇ ಟ್ರೆಬಲನ್ನು ಇಳಿಸುತ್ತದೆ, ಅಥವಾ ಅದಕ್ಕೆ ತಿರುಗಾಮುರುಗಾ. ಇಬ್ಬರಲ್ಲಿ ನಾನು ಕ್ವಾಡ್ ಪರ. ಸರ್ಕ್ಯೂಟು ಇಲ್ಲದಿರುವುದೇ ಶುದ್ಧತೆಯಾದರೆ, ಶುದ್ಧವಾದಿಗಳು ಪೂಜಿಸುವ ಪ್ಲೇಟನ್ನೇ ಕೇಳುವಂತಿಲ್ಲ: ಆರ್‌ಐಎಎ ಲೆಕ್ಕದಂತೆ ಫೋನೊ ಪ್ರೀಆಂಪ್ 20 ಹರ್ಟ್ಸ್‌ಗೂ 20,000 ಹರ್ಟ್ಸ್‌ಗೂ ನಡುವೆ ಸುಮಾರು 39 ಡೆಸಿಬೆಲ್ ಓರೆ ಮಾಡಲೇಬೇಕು. ಬಾಸ್ ಹೆಚ್ಚಾಗಿ ಮುದ್ರಿತವಾದ ಒಂದು ಆಲ್ಬಮ್ಮಿಗೆ ಎರಡು ಡೆಸಿಬೆಲ್ ಇಳಿಸಿಕೊಳ್ಳುವುದು ಇದರ ಮುಂದೆ ಎಷ್ಟರದು?

ಕೋಣೆಯ ದೋಷವನ್ನು ಮಾತ್ರ ಈ ನಾಬ್‌ಗಳು ಸರಿಪಡಿಸಲಾರವು. ಐದು ಮೀಟರ್ ಉದ್ದದ ಕೋಣೆ 34 ಹರ್ಟ್ಸ್ ಹತ್ತಿರ ಅನುರಣಿಸುತ್ತದೆ. ಬಾಸ್ ನಾಬ್ ಅದೊಂದನ್ನೇ ಹೆಕ್ಕಿ ತೆಗೆಯುವಷ್ಟು ಸೂಕ್ಷ್ಮವಲ್ಲ. ಹೋಮ್ ಥಿಯೇಟರ್ ಆಂಪ್ಲಿಫೈಯರುಗಳ ಜೊತೆ ಮೈಕ್ ಬಂದದ್ದು ಈ ಕಾರಣಕ್ಕೆ. ಸ್ಪೀಕರಿನ ದೂರ, ಮಟ್ಟ, ಸಬ್‌ವೂಫರಿಗೆ ಬಾಸ್ ಒಪ್ಪಿಸುವ ಗಡಿ, ಎಲ್ಲವನ್ನೂ ಅದರಿಂದ ಅಳೆದು ಯಂತ್ರವೇ ಹೊಂದಿಸಿಕೊಳ್ಳುತ್ತದೆ. ಇನ್ನು ಕೈಯಿಂದ ಮಾಡುವುದೇನಿದೆ ಎಂದು ಕೇಳುವವರಿದ್ದಾರೆ. ಇದೆ. ಮೈಕ್ ಅಳೆಯುವುದು ಕೋಣೆಯನ್ನು, ಮುದ್ರಣವನ್ನಲ್ಲ. ಲೌಡ್‌ನೆಸ್ಸಿನ ಇಂದಿನ ರೂಪವಾದ, ಆಡಿಸ್ಸಿ ಕಂಪನಿಯ ಡೈನಮಿಕ್ ಇಕ್ಯೂ, ಮೂಲ ಎಷ್ಟು ಜೋರಿನಲ್ಲಿ ಮಿಕ್ಸ್ ಆಗಿತ್ತೆಂದು ತಿಳಿದರಷ್ಟೇ ಸರಿಯಾಗಿ ನಡೆಯುತ್ತದೆ. ಸಿನಿಮಾಕ್ಕೆ 85 ಡೆಸಿಬೆಲ್‌ನ ನಿಗದಿತ ಮಟ್ಟವಿದೆ, ಸಂಗೀತಕ್ಕೆ ಅಂಥದ್ದಿಲ್ಲ. ಆದ್ದರಿಂದಲೇ ಸಿನಿಮಾದ ಮಟ್ಟದಿಂದ ಮೂಲಕ್ಕಿರುವ ಅಂತರವನ್ನು ಹೇಳಲು ಮೆನುವಿನಲ್ಲಿ 0, 5, 10, 15 ಡೆಸಿಬೆಲ್ ಎಂಬ ನಾಲ್ಕು ಆಯ್ಕೆಗಳನ್ನು ಇಟ್ಟಿದ್ದಾರೆ. ಸಿನಿಮಾಕ್ಕೆ 0. ಹಾಡು ಹಾಕಿದಾಗ ಉಳಿದ ಮೂರರಲ್ಲಿ ಯಾವುದು ಎಂಬುದನ್ನು ಕೇಳುವವರೇ ಕಿವಿಗೊಟ್ಟು ಆರಿಸಬೇಕು, 1953ರಲ್ಲಿ ಕೊಲಂಬಿಯಾದ ಪ್ಲೇಟಿಗೊಂದು, ಡೆಕ್ಕಾದ ಪ್ಲೇಟಿಗೊಂದು ಗುಂಡಿ ಒತ್ತಿದವರ ಹಾಗೆಯೇ.